ಚಕ್ರಗಳಲ್ಲಿ ಒಮ್ಮತವಿಲ್ಲದಿದ್ದರೆ...

ಮಳೆಗಾಲದ ಒಂದು ಬೆಳಿಗ್ಗೆ ನಾನು, ನನ್ನಾಕೆ ಮತ್ತು ಮಗಳು ಹಾಸನದಿಂದ ಬೇಲೂರು, ಮೂಡಿಗೆರೆ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದಾಗ ಮಂಜು ಮುಸುಕಿತ್ತು. ಜೊತೆಗೆ ಜಿಟಿಜಿಟಿ ಮಳೆ. ನಮ್ಮದು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಹಳೆಯ ಸಣ್ಣ ಕಾರು. ವೇಗ ಮೂವತ್ತು ಮೂವತ್ತೈದರ ಆಸುಪಾಸು. ಒಂದು ತಿರುವು ದಾಟಿದ ಕೂಡಲೇ ರಸ್ತೆಯ ಎಡ ಅಂಚಿನಲ್ಲಿ ಕೆಸರುನೀರು ಹರಿಯುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟೆ. ಮುಂದಿನ ಎಡಚಕ್ರ ಆ ನೀರಿಗಿಳಿದದ್ದೇ ತಡ, ಯಾರೋ ಮೂಗುದಾರ ಹಿಡಿದು ಎಳೆದಂತೆ ಕಾರು ಬಲಕ್ಕೆ ಜಿಗಿಯಿತು. ಎದುರಿಗೆ ಏರಿ ಬರುತ್ತಿದ್ದ ಬಸ್ಸಿನ ಚಾಲಕ ಪುಣ್ಯಾತ್ಮ, ಸಮಯಕ್ಕೆ ಸರಿಯಾಗಿ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಹಾಕಿ ಅವನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನನ್ನಾಕೆ ಮಂಜುನಾಥನನ್ನು ನೆನೆದಳು. ಮಗಳು ಮಾತ್ರ, ‘ಅಪ್ಪಾ, ಇನ್ನು ಮೇಲೆ ಬಸ್ಸಲ್ಲೇ ಹೋಗೋಣ’ ಎಂದಳು.

ತಪ್ಪು ನನ್ನ ಕೈಯದೇ ಎಂದುಕೊಂಡೆ. ವಯಸ್ಸಾಯಿತು, ಕಣ್ಣು ಮಂಜಾಯಿತು, ಇತ್ಯಾದಿ. ಊರಿಗೆ ಮರಳಿದ ಮೇಲೆ ಮನಸ್ಸು ತಡೆಯದೆ ಟೈರಿನ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿ ಕಾರು ಒಯ್ದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಸರಿಯಾಗಿ ಮೂವತ್ತೈದು ಅಂಕ ತೆಗೆದು ನನ್ನನ್ನೂ ತನ್ನನ್ನೂ ಒಟ್ಟಿಗೆ ಪಾರುಮಾಡಿದ ಹುಡುಗ ಅವನು.

‘ಟೈರು ನೋಡಿದ್ರಾ ಸಾರ್?’

‘ನೋಡಿದೆನಪ್ಪ. ಟ್ರೆಡ್ಡು ಚೆನ್ನಾಗೇ ಇದೆ.’

‘ಹೊರಗಡೆ ಅಲ್ಲ ಸಾರ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಕೂತ್ಕೊಂಡು ಒಳಗಡೆ ನೋಡಿ.’

ಕೂತು ನೋಡಿದೆ. ಹೊರಗಿನಿಂದ ಇನ್ನೂ ಹತ್ತು ಸಾವಿರ ಕಿಲೋಮೀಟರ್ ಓಡಬಹುದು ಎನ್ನಿಸುತ್ತಿದ್ದ ಟೈರಿನ ಒಳ ಅಂಚು ಅಂಗೈಯಂತೆ ಬೋಳಾಗಿತ್ತು. ಒಂದು ಕಡೆ ರಬ್ಬರು ಹೋಗಿ ಒಳಗಿನ ತಂತಿಯೇ ಮಿನುಗುತ್ತಿತ್ತು. ಎರಡೂ ಮುಂಚಕ್ರಗಳದು ಅದೇ ಕಥೆ. ಆ ಟೈರುಗಳ ಮೇಲೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಘಾಟಿ ಇಳಿದು, ಮತ್ತೆ ಹತ್ತಿ ಬಂದಿದ್ದೆ.

ಅದಕ್ಕಿಂತ ಹೆಚ್ಚು ನಾಚಿಕೆಯ ಸಂಗತಿ ಇನ್ನೊಂದಿದೆ. ನಾಲ್ಕು ತಿಂಗಳ ಹಿಂದೆ ಕಾರು ಒಂದು ದೊಡ್ಡ ಗುಂಡಿಗೆ ಬಿದ್ದಿತ್ತು. ಆಗ ಹೆದ್ದಾರಿಯ ಬದಿಯ ಒಂದು ಅಂಗಡಿಯಲ್ಲಿ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಕಂಪ್ಯೂಟರ್ ಕೊಟ್ಟ ಚೀಟಿಯನ್ನು ಭಕ್ತಿಯಿಂದ ಮಡಚಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಶಿಷ್ಯ ಅದನ್ನು ಬಿಡಿಸಿ ನೋಡಿ ನಕ್ಕ. ‘ಬಿಫೋರ್ ಅಂತ ಒಂದು ಸಾಲು, ಆಫ್ಟರ್ ಅಂತ ಒಂದು ಸಾಲು. ಎರಡರಲ್ಲೂ ಅಂಕಿ ಒಂದೇ ಇದೆಯಲ್ಲ ಸಾರ್. ಅಳತೆ ತಗೊಂಡಿದಾರೆ, ಸರಿಮಾಡಿಲ್ಲ.’ ಪ್ರಯೋಗದ ಪುಸ್ತಕದಲ್ಲಿ ಅಳತೆ ಸರಿಯಾಗಿ ಓದದ ಮಕ್ಕಳ ಅಂಕ ಕತ್ತರಿಸುತ್ತ ಮೂರು ದಶಕ ಕಳೆದವನು ನಾನು. ನನ್ನ ಚೀಟಿಯನ್ನು ನಾನೇ ಓದಿರಲಿಲ್ಲ.

ಅಂದಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ. ವ್ಹೀಲ್ ಅಲೈನ್‌ಮೆಂಟ್ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಟೈರು ಬೇಗ ಸವೆಯದಿರಲಿ ಎಂದು ಮಾಡಿಸುವ ಒಂದು ಖರ್ಚಿನ ಬಾಬ್ತು. ಕೈಯಲ್ಲಿ ದುಡ್ಡಿದ್ದರೆ ಮಾಡಿಸುವುದು, ಇಲ್ಲದಿದ್ದರೆ ಮುಂದಿನ ಸರ್ವೀಸಿಗೆ ನೋಡಿಕೊಳ್ಳುವುದು. ಆದರೆ ಟೈರಿನ ಸವೆತ ಕಾಯಿಲೆಯ ಲಕ್ಷಣವಷ್ಟೇ. ಸ್ಟಿಯರಿಂಗ್ ಹಿಡಿದ ಕೈ ಹೇಳಿದ ಮಾತನ್ನು ಕಾರು ಕೇಳುತ್ತದೆಯೋ ಇಲ್ಲವೋ ಎಂಬುದು ಒಂದೆರಡು ಮಿಲಿಮೀಟರುಗಳ, ಅರ್ಧ ಡಿಗ್ರಿ ಕೋನದ ಪ್ರಶ್ನೆ. ಒಣ ರಸ್ತೆಯಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಮಳೆ ಬಿದ್ದಾಗ ಏಳುತ್ತದೆ.

ಜಗ್ಗುವ ಜೋಡೆತ್ತು

ಅಲೈನ್‌ಮೆಂಟ್‌ನಲ್ಲಿ ಮುಖ್ಯವಾಗಿ ಮೂರು ಕೋನಗಳಿವೆ: ಟೋ, ಕ್ಯಾಂಬರ್, ಕ್ಯಾಸ್ಟರ್. ನಮ್ಮ ಸಣ್ಣ ಕಾರುಗಳಲ್ಲಿ ಅಂಗಡಿಯವನು ಸ್ಪ್ಯಾನರ್ ಹಿಡಿದು ಬದಲಾಯಿಸಬಹುದಾದದ್ದು ಬಹುತೇಕ ಟೋ ಒಂದನ್ನೇ. ಕೈಕೊಡುವುದೂ ಹೆಚ್ಚಾಗಿ ಅದೇ.

ಟೋ ಎಂದರೆ ಕಾಲ್ಬೆರಳು. ಕೆಲವರು ನಿಂತಾಗ ಪಾದದ ಬೆರಳುಗಳು ಒಳಮುಖವಾಗಿರುತ್ತವೆ, ಇನ್ನು ಕೆಲವರವು ಹೊರಮುಖವಾಗಿರುತ್ತವೆ. ಕಾರನ್ನು ನೆತ್ತಿಯ ಮೇಲಿನಿಂದ ನೋಡಿದಿರಿ ಎನ್ನಿ. ಎರಡು ಮುಂಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರವಾಗಿ ಹಿಂಭಾಗ ದೂರವಾಗಿದ್ದರೆ ಅದು ಟೋ ಇನ್. ಮುಂಭಾಗ ದೂರವಾಗಿದ್ದರೆ ಟೋ ಔಟ್. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣುವುದೇ ಇಲ್ಲ. 13 ಅಂಗುಲದ ಚಕ್ರದ ರಿಮ್ಮಿನ ಮುಂದೆ ಮತ್ತು ಹಿಂದೆ ಅಳೆದಾಗ 3 ಮಿ.ಮೀ. ಹೆಚ್ಚುಕಡಿಮೆ ಬಂದರೆ ಒಂದೊಂದು ಚಕ್ರದ ಪಾಲಿಗೆ ಬರುವ ಕೋನ ಕಾಲು ಡಿಗ್ರಿ ಮಾತ್ರ.

ಕಾಲು ಡಿಗ್ರಿ ತಾನೇ ಎನ್ನಬೇಡಿ. ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು, ಲೆಕ್ಕ ಹಾಕಬಹುದು. ಆ ಚಕ್ರ ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ತಾನು ಹೋಗಬಯಸಿದ ದಾರಿಯಿಂದ ನಾಲ್ಕೂವರೆ ಮೀಟರ್ ಅಡ್ಡಕ್ಕೆ ತಳ್ಳಿಸಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ಇದ್ದದ್ದು ಒಟ್ಟು 7 ಮಿ.ಮೀ. ಟೋ ಔಟ್. ಅಂದರೆ ಕಿಲೋಮೀಟರಿಗೆ ಹತ್ತೂವರೆ ಮೀಟರ್. ಆ ನಾಲ್ಕು ತಿಂಗಳಲ್ಲಿ ಓಡಿಸಿದ್ದು ಸುಮಾರು ನಾಲ್ಕು ಸಾವಿರ ಕಿಲೋಮೀಟರ್. ಒಂದೊಂದು ಮುಂಚಕ್ರವೂ ನಲವತ್ತು ಕಿಲೋಮೀಟರಿಗೂ ಮೀರಿ, ಹೆಚ್ಚುಕಡಿಮೆ ಹಾಸನದಿಂದ ಸಕಲೇಶಪುರದಷ್ಟು ದೂರ, ಅಡ್ಡಡ್ಡಲಾಗಿ ಉಜ್ಜಿಕೊಂಡಿತ್ತು. ಮೇಷ್ಟ್ರಾಗಿ ಒಂದು ತಿದ್ದುಪಡಿ ಹೇಳಿಬಿಡುತ್ತೇನೆ: ರಬ್ಬರು ಕಲ್ಲಿನಂತೆ ಪೂರ್ತಿ ಜಾರುವುದಿಲ್ಲ. ನೆಲಕ್ಕೆ ತಾಗಿದ ಅಂಗೈಯಗಲದ ಭಾಗ ಮೊದಲು ಬಾಗುತ್ತದೆ, ಬಾಗಿದ್ದು ನೆಲ ಬಿಡುವ ಮುನ್ನ ಸ್ವಲ್ಪ ಜಾರಿ ಸೆಟೆದುಕೊಳ್ಳುತ್ತದೆ. ಹೀಗೆ ಬಾಗುವಾಗಲೇ ಟೈರಿನಲ್ಲಿ ಅಡ್ಡಬಲ ಹುಟ್ಟುವುದು. ಕಾರು ತಿರುವಿನಲ್ಲಿ ತಿರುಗುವುದೂ ಇದೇ ಬಲದಿಂದ.

ಈ ಅಡ್ಡಬಲವೇ ನಮ್ಮ ಕಥೆಯ ನಾಯಕ, ಖಳನಾಯಕ ಎರಡೂ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಎಡಗಡೆಯದು ಸದಾ ಎಡಕ್ಕೆ, ಬಲಗಡೆಯದು ಸದಾ ಬಲಕ್ಕೆ ಜಗ್ಗುತ್ತಿವೆ ಎಂದಿಟ್ಟುಕೊಳ್ಳಿ. ಗಾಡಿ ನೆಟ್ಟಗೇ ಹೋಗುತ್ತದೆ. ಎರಡೂ ಎಳೆತಗಳು ಒಂದನ್ನೊಂದು ಹೊಡೆದುಹಾಕುವುದರಿಂದ ಗಾಡಿಯಲ್ಲಿ ಕುಳಿತವನಿಗೆ ಏನೂ ಗೊತ್ತಾಗುವುದಿಲ್ಲ. ಎತ್ತುಗಳ ಕತ್ತು ಹುಣ್ಣಾಗುತ್ತದೆ, ಅಷ್ಟೆ. ಆದರೆ ಎಡಗಡೆಯ ಎತ್ತಿನ ಕಾಲು ಕೆಸರಿನಲ್ಲಿ ಜಾರಿತು ಎನ್ನಿ. ಬಲಗಡೆಯದರ ಜಗ್ಗಾಟಕ್ಕೆ ಈಗ ಎದುರಾಳಿಯೇ ಇಲ್ಲ. ಗಾಡಿ ಥಟ್ಟನೆ ಬಲಕ್ಕೆ ಹೊರಳುತ್ತದೆ. ಚಾರ್ಮಾಡಿಯಲ್ಲಿ ನಡೆದದ್ದು ಇದೇ. ಎಡಚಕ್ರ ಕೆಸರುನೀರಿನಲ್ಲಿ ಹಿಡಿತ ಕಳೆದುಕೊಂಡಿತು. ಒಳ ಅಂಚು ಬೋಳಾಗಿದ್ದರಿಂದ ಇನ್ನೂ ಬೇಗ ಕಳೆದುಕೊಂಡಿತು. ತಿಂಗಳುಗಟ್ಟಲೆ ಬಲಕ್ಕೆ ಜಗ್ಗುತ್ತಿದ್ದ ಬಲಚಕ್ರ ತನ್ನ ಇಷ್ಟ ಸಾಧಿಸಿತು. ಬ್ರೇಕು ಅದಕ್ಕೆ ಕೈಜೋಡಿಸಿತು. ಬೇಸಗೆಯಲ್ಲಿ ಅದೇ ಕಾರು ಅದೇ ರಸ್ತೆಯಲ್ಲಿ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ, ನಾನು ಈ ಲೇಖನ ಬರೆಯುತ್ತಲೂ ಇರಲಿಲ್ಲ.

ಗುಂಡಿಗೆ ಬಿದ್ದಾಗ ಆದದ್ದೇನು? ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕೊಂಚ ಬಾಗಿತ್ತು. ಬಾಗಿದ ಸರಳಿನ ತುದಿಯಿಂದ ತುದಿಗೆ ಅಳೆದರೆ ಉದ್ದ ಕಡಿಮೆಯಾಗುತ್ತದೆ. ನನ್ನ ಕಾರಿನಲ್ಲಿ ಆ ಸರಳು ಚಕ್ರದ ಅಚ್ಚಿನ ಹಿಂದಿದೆ. ಹಾಗಾಗಿ ಚಕ್ರದ ಹಿಂಭಾಗ ಒಳಕ್ಕೆ ಎಳೆದುಕೊಂಡು ಮುಂಭಾಗ ಹೊರಕ್ಕೆ ತೆರೆದುಕೊಂಡಿತು. ಒಂದೇ ಚಕ್ರ ತಪ್ಪಿದ್ದರೂ ಸವೆದದ್ದು ಎರಡೂ. ಏಕೆಂದರೆ ಕಾರು ನೆಟ್ಟಗೆ ಹೋಗಲೆಂದು ನಾವು ಸ್ಟಿಯರಿಂಗನ್ನು ಅರಿವಿಲ್ಲದೆ ಸ್ವಲ್ಪ ತಿರುಗಿಸಿ ಹಿಡಿಯುತ್ತೇವೆ, ತಪ್ಪು ಎರಡು ಚಕ್ರಗಳಿಗೂ ಸಮನಾಗಿ ಹಂಚಿಹೋಗುತ್ತದೆ. ನೇರ ರಸ್ತೆಯಲ್ಲಿ ನನ್ನ ಸ್ಟಿಯರಿಂಗ್ ಒಂದಿಷ್ಟು ಸೊಟ್ಟಗೆ ನಿಲ್ಲುತ್ತಿತ್ತು. ಅದು ಕಾರು ಕೊಟ್ಟ ಮೊದಲ ಎಚ್ಚರಿಕೆ. ಸೊಟ್ಟಗೋಡೆಯ ಮನೆಗೆ ಒಗ್ಗಿಕೊಂಡಂತೆ ನಾನು ಅದಕ್ಕೆ ಒಗ್ಗಿಕೊಂಡಿದ್ದೆ.

ಹಾಗಾದರೆ ಟೋ ಸೊನ್ನೆಯೇ ಇರಬೇಕೆ? ಅದು ಕಾರಿನ ಮೇಲೆ ಹೋಗುತ್ತದೆ. ಹಿಂಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಕಾರುಗಳಲ್ಲಿ, ನಮ್ಮ ಅಂಬಾಸಡರ್ ಇಂಥದ್ದು, ಮುಂಚಕ್ರಗಳು ಸುಮ್ಮನೆ ತಳ್ಳಿಸಿಕೊಂಡು ಉರುಳುತ್ತವೆ. ರಸ್ತೆಯ ಪ್ರತಿರೋಧ ಅವುಗಳನ್ನು ಹಿಂದಕ್ಕೆ ದೂಡಿ, ಕೀಲುಗಳ ಸಡಿಲವಿದ್ದಷ್ಟೂ ಹೊರಮುಖವಾಗಿ ತೆರೆಯಲು ನೋಡುತ್ತದೆ. ಆದ್ದರಿಂದ ನಿಂತಾಗ ಒಂದಿಷ್ಟು ಟೋ ಇನ್ ಕೊಟ್ಟಿರುತ್ತಾರೆ. ಓಡುವಾಗ ಸರಿಸುಮಾರು ಸೊನ್ನೆಗೆ ಬರುತ್ತದೆ. ಮುಂಚಕ್ರವೇ ಎಳೆಯುವ ಇಂದಿನ ಸಣ್ಣ ಕಾರುಗಳಲ್ಲಿ ಚಕ್ರಗಳು ಮುಂದಕ್ಕೆ ನುಗ್ಗಿ ಒಳಮುಖವಾಗಲು ನೋಡುತ್ತವೆ, ಹಾಗಾಗಿ ಅವುಗಳಿಗೆ ಸೊನ್ನೆಯ ಆಸುಪಾಸಿನ ಅಳತೆ. ತುಸು ಟೋ ಇನ್ ಇದ್ದರೆ ಕಾರು ನೇರ ದಾರಿಯಲ್ಲಿ ಗಂಭೀರವಾಗಿ ಹೋಗುತ್ತದೆ. ಟೋ ಔಟ್ ಇದ್ದರೆ ತಿರುವು ಸಿಕ್ಕಿದ ಕೂಡಲೇ ಚುರುಕಾಗಿ ಹೊರಳುತ್ತದೆ, ಆದರೆ ನೇರ ರಸ್ತೆಯಲ್ಲಿ ಎಡಬಲ ಮೂಸುತ್ತ ಅಲೆಯುತ್ತದೆ.

ರೇಸಿನವರಿಗೆ ಆ ಚುರುಕೇ ಬೇಕು, ಅಲೆದಾಟ ಬೇಡ. ಎರಡೂ ಹೇಗೆ ಸಾಧ್ಯ? 2020ರ ಫೆಬ್ರುವರಿಯಲ್ಲಿ ಬಾರ್ಸಿಲೋನಾ ಬಳಿ ಫಾರ್ಮುಲಾ ಒನ್ ಕಾರುಗಳ ಪರೀಕ್ಷಾ ಓಟ ನಡೆಯುತ್ತಿದ್ದಾಗ ಮರ್ಸಿಡಿಸ್ ಕಾರಿನಲ್ಲಿದ್ದ ಕ್ಯಾಮೆರಾ ಒಂದು ವಿಚಿತ್ರವನ್ನು ತೋರಿಸಿತು. ಲೂಯಿಸ್ ಹ್ಯಾಮಿಲ್ಟನ್ ನೇರ ಹಾದಿಯಲ್ಲಿ ಸ್ಟಿಯರಿಂಗನ್ನು ಎದೆಯತ್ತ ಎಳೆದುಕೊಳ್ಳುತ್ತಿದ್ದ, ತಿರುವು ಬರುವ ಮುನ್ನ ಮುಂದಕ್ಕೆ ತಳ್ಳುತ್ತಿದ್ದ. ಹಾಗೆ ಮಾಡಿದಾಗೆಲ್ಲ ಮುಂಚಕ್ರಗಳ ಟೋ ಬದಲಾಗುತ್ತಿತ್ತು. ಉಳಿದ ತಂಡಗಳು ಬಾಯಿಬಿಟ್ಟುಕೊಂಡು ನೋಡಿದವು. ಆ ವರ್ಷ ಅದನ್ನು ಬಳಸಲು ಬಿಟ್ಟರು, 2021ರಿಂದ ನಿಷೇಧಿಸಿದರು. ನಮ್ಮ ಅಂಗಡಿಯವನು ಎರಡು ನಟ್ಟು ಸಡಿಲಿಸಿ ಮಾಡುವ ಕೆಲಸವನ್ನು ಅವರು ಕಾರು ಓಡುತ್ತಿರುವಾಗಲೇ ಮಾಡುತ್ತಿದ್ದರು, ಅಷ್ಟೆ.

ಲೋಟ ಹೇಳುವ ಪಾಠ

ಎರಡನೆಯ ಕೋನ ಕ್ಯಾಂಬರ್. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಹೊರಕ್ಕೆ ವಾಲಿದ್ದರೆ ಪಾಸಿಟಿವ್, ಒಳಕ್ಕೆ ವಾಲಿದ್ದರೆ ನೆಗೆಟಿವ್.

ಇದಕ್ಕೆ ಅಡುಗೆಮನೆಯ ಒಂದು ಲೋಟ ಸಾಕು. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಮಲಗಿಸಿ ಉರುಳಿಸಿ. ಅದು ನೆಟ್ಟಗೆ ಹೋಗದೆ ತಳದ ಕಡೆಗೆ ಸುತ್ತು ಹಾಕುತ್ತದೆ. ವಾಲಿದ ಚಕ್ರವೂ ಇಂಥ ಲೋಟದ ಒಂದು ಚೂರು ಇದ್ದಂತೆ. ವಾಲಿದ ಕಡೆಗೆ ತಿರುಗುವುದು ಅದರ ಸ್ವಭಾವ. ನಾಣ್ಯವನ್ನು ಉರುಳಿಬಿಟ್ಟರೂ ಇದೇ ಕಾಣುತ್ತದೆ. ಕಾರಿನ ಎರಡು ಚಕ್ರಗಳು ಸಮನಾಗಿ ವಾಲಿದ್ದರೆ ಎಳೆತಗಳು ಸರಿದೂಗುತ್ತವೆ. ಒಂದರಲ್ಲಿ ಹೆಚ್ಚಾದರೆ ಕಾರು ಪಾಸಿಟಿವ್ ಕ್ಯಾಂಬರ್ ಹೆಚ್ಚಿರುವ ಕಡೆಗೆ ಸರಿಯುತ್ತದೆ.

ತಿರುವಿನಲ್ಲಿ ಕಾರಿನ ಒಡಲು ಹೊರಕ್ಕೆ ವಾಲಿದಾಗ ಹೊರಗಡೆಯ ಚಕ್ರವೂ ಅದರೊಂದಿಗೆ ಹೊರಕ್ಕೆ ಬಾಗಿ, ಟೈರಿನ ಹೊರ ಅಂಚೊಂದೇ ನೆಲ ಕಚ್ಚುವಂತಾಗುತ್ತದೆ. ಭಾರವೆಲ್ಲ ಬಿದ್ದಿರುವುದು ಅದೇ ಚಕ್ರದ ಮೇಲೆ! ಅದಕ್ಕಾಗಿ ಮೊದಲೇ ಚಕ್ರವನ್ನು ಕೊಂಚ ಒಳಕ್ಕೆ ವಾಲಿಸಿಟ್ಟರೆ, ಒಡಲು ಬಾಗುವ ಹೊತ್ತಿಗೆ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ರೇಸ್ ಕಾರುಗಳ ಮುಂಚಕ್ರಗಳು ಕಣ್ಣಿಗೆ ಕಾಣುವಷ್ಟು ಒಳಕ್ಕೆ ವಾಲಿರುವುದು ಇದಕ್ಕೇ. ಅದನ್ನು ನೋಡಿ ತಮ್ಮ ಕಾರಿಗೂ ಹಾಗೆ ಮಾಡಿಸುವ ಹುಡುಗರನ್ನು ಕಂಡಿದ್ದೇನೆ. ಅವರು ಓಡಿಸುವುದು ಬಹುಪಾಲು ನೇರ ರಸ್ತೆಯಲ್ಲಿ. ಅಲ್ಲಿ ಟೈರಿನ ಒಳ ಅಂಚೊಂದೇ ದುಡಿಯುತ್ತದೆ, ಬ್ರೇಕು ಹಾಕಿದಾಗ ಪೂರ್ತಿ ಟೈರಿನ ಹಿಡಿತ ಸಿಗುವುದಿಲ್ಲ.

ಚಕ್ರದ ವಾಲಿಕೆ ಎಂಬ ಒಣ ವಿಷಯ ಒಂದು ದೇಶದ ಕಾನೂನನ್ನೇ ಅಲುಗಿಸಿದ ಕಥೆ ಅಮೆರಿಕದ್ದು. ಅಲ್ಲಿನ ಜನರಲ್ ಮೋಟಾರ್ಸ್ ಕಂಪನಿ 1960ರ ಮಾದರಿಯಾಗಿ ಷೆವರ್ಲೆ ಕಾರ್ವೇರ್ ಎಂಬ ಕಾರನ್ನು ಹೊರತಂದಿತು. ಎಂಜಿನ್ ಹಿಂದೆ, ಗಾಳಿಯಿಂದಲೇ ತಂಪಾಗುವಂಥದ್ದು. ಹಿಂಚಕ್ರಗಳಿಗೆ ‘ಸ್ವಿಂಗ್ ಆಕ್ಸಲ್’ ಎಂಬ ಏರ್ಪಾಡು. ಚಕ್ರದ ಅಚ್ಚಿಗೆ ಕಾರಿನ ನಡುವಿನಲ್ಲಿ ಮಾತ್ರ ಕೀಲು. ಚಕ್ರ ಅಚ್ಚಿಗೆ ಬಿಗಿಯಾಗಿ ಕೂತಿರುತ್ತದೆ. ಮೊಣಕೈ ಬಗ್ಗಿಸದೆ ತೋಳನ್ನು ಭುಜದಿಂದ ಮೇಲೆ ಕೆಳಗೆ ಆಡಿಸಿ ನೋಡಿ, ಅಂಗೈಯ ಕೋನ ಹೇಗೆ ಬದಲಾಗುತ್ತದೆ? ಹಾಗೆಯೇ ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಅದರ ಕ್ಯಾಂಬರ್ ವಿಪರೀತ ಬದಲಾಗುತ್ತಿತ್ತು. ವೇಗದ ತಿರುವಿನಲ್ಲಿ ಹೊರಗಡೆಯ ಹಿಂಚಕ್ರದ ಮೇಲೆ ಬಲ ಹೆಚ್ಚಾದಾಗ ಚಕ್ರದ ಬುಡ ಕಾರಿನಡಿಗೆ ಮಡಚಿಕೊಂಡು, ಕಾರಿನ ಹಿಂಭಾಗ ಜಾಕ್ ಕೊಟ್ಟಂತೆ ಮೇಲೇಳುವ ಸಾಧ್ಯತೆ ಇತ್ತು. ಟೈರು ಅಂಚಿನ ಮೇಲೆ ನಿಂತರೆ ಹಿಡಿತ ತಪ್ಪುತ್ತದೆ, ಬಾಲ ಬೀಸಿ ಕಾರು ಬುಗುರಿಯಾಗುತ್ತದೆ. ಇದನ್ನು ತಡೆಯಲು ಕಂಪನಿ ಹೇಳಿದ ಉಪಾಯವೆಂದರೆ ಮುಂದಿನ ಟೈರಿಗೆ 15 ಪೌಂಡ್ ಗಾಳಿ, ಹಿಂದಿನದಕ್ಕೆ 26 ಪೌಂಡ್. ಮುಂದಿನ ಟೈರು ಮೆತ್ತಗಿದ್ದರೆ ಮುಂಭಾಗವೇ ಮೊದಲು ಹಿಡಿತ ಸಡಿಲಿಸುತ್ತದೆ, ಬಾಲ ಬೀಸುವುದು ತಪ್ಪುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯೇ. ಆದರೆ ಪೆಟ್ರೋಲ್ ಬಂಕಿನ ಹುಡುಗ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ತುಂಬಿದರೆ?

1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಎಂಬ ಪುಸ್ತಕ ಬರೆದು, ಮೊದಲ ಅಧ್ಯಾಯವನ್ನೇ ಈ ಕಾರಿಗೆ ಮೀಸಲಿಟ್ಟ. ಕಂಪನಿ ಅವನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಗುಟ್ಟು ರಟ್ಟಾಗಿ 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನು ಬಂತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 1972ರಲ್ಲಿ ಅಮೆರಿಕ ಸರ್ಕಾರದ್ದೇ ಪರೀಕ್ಷಾ ವರದಿ, 1960ರಿಂದ 63ರವರೆಗಿನ ಕಾರ್ವೇರ್ ಆ ಕಾಲದ ಅಂಥದೇ ಬೇರೆ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದಿತು. ಅಷ್ಟರಲ್ಲಿ ಕಾರ್ವೇರ್ ನಿಂತುಹೋಗಿ ಮೂರು ವರ್ಷವಾಗಿತ್ತು. ಕಂಪನಿ ಕೂಡ 1964ರ ಮಾದರಿಗೆ ಹಿಂದೆ ಇನ್ನೊಂದು ಅಡ್ಡ ಸ್ಪ್ರಿಂಗ್ ಸೇರಿಸಿ, 1965ರಲ್ಲಿ ಹಿಂಚಕ್ರಗಳ ಏರ್ಪಾಡನ್ನೇ ಬದಲಾಯಿಸಿತ್ತು. ಹಾಗೆ ಬದಲಾಯಿಸಿದ್ದೇ ನನಗೆ ದೊಡ್ಡ ಸಾಕ್ಷ್ಯವಾಗಿ ಕಾಣುತ್ತದೆ. ಕಾರು ಅಂಗಡಿಯಲ್ಲಿ ನಿಂತಾಗ ತೋರಿಸುವ ಕೋನ ಒಂದು, ತಿರುವಿನಲ್ಲಿ ಅದೇ ಚಕ್ರದ ಕೋನ ಇನ್ನೊಂದು. ಸ್ಪ್ರಿಂಗು ಕುಸಿದ, ಬುಷ್ಷು ಸವೆದ ಕಾರಿಗೆ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ ಎಂದು ನನ್ನ ಶಿಷ್ಯ ಹೇಳುವುದೂ ಇದನ್ನೇ.

ಸೈಕಲ್ಲಿನ ಗುಟ್ಟು

ಮೂರನೆಯದು ಕ್ಯಾಸ್ಟರ್. ಇದನ್ನು ತರಗತಿಯಲ್ಲಿ ಸೈಕಲ್ ನಿಲ್ಲಿಸಿ ತೋರಿಸುತ್ತೇನೆ. ಪಕ್ಕದಿಂದ ನೋಡಿ: ಹ್ಯಾಂಡಲ್ ಕೂತಿರುವ ಕೊಳವೆ ನೆಟ್ಟಗಿಲ್ಲ, ಹಿಂದಕ್ಕೆ ಒರಗಿದೆ. ಆ ಕೊಳವೆಯ ಗೆರೆಯನ್ನೇ ಕೆಳಕ್ಕೆ ಎಳೆದರೆ ಅದು ನೆಲ ಮುಟ್ಟುವುದು ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಕೆಲವು ಸೆಂಟಿಮೀಟರ್ ಮುಂದೆ. ಅಂದರೆ ಟೈರು ಆ ಗೆರೆಯ ಹಿಂದೆ ಬಾಲದಂತೆ ಎಳೆಸಿಕೊಂಡು ಬರುತ್ತದೆ. ಎಳೆಸಿಕೊಂಡು ಬರುವ ವಸ್ತು ಎಳೆಯುವವನ ಹಿಂದೆ ನೆಟ್ಟಗೆ ನಿಲ್ಲಲು ನೋಡುವುದು ಸಹಜ. ಆಫೀಸಿನ ಕುರ್ಚಿಯ ಗಾಲಿಗಳು, ಆಸ್ಪತ್ರೆಯ ಟ್ರಾಲಿಯ ಗಾಲಿಗಳು ತಳ್ಳಿದ ದಿಕ್ಕಿಗೆ ತಾವೇ ತಿರುಗಿ ನಿಲ್ಲುವುದು ಹೀಗೆಯೇ. ಹೆಸರೂ ಅಲ್ಲಿಂದಲೇ: ಅಂಥ ಗಾಲಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ.

1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನವಿಜ್ಞಾನಿ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಒಂದು ತಮಾಷೆಯ ಪ್ರಯೋಗ ವಿವರಿಸಿದ. ಸವಾರಿ ಮಾಡಲಾಗದ ಸೈಕಲ್ ಕಟ್ಟುವುದು ಅವನ ಹಠ. ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿದ. ಬಾಲ ಇನ್ನಷ್ಟು ಉದ್ದವಾಗಿ ಸೈಕಲ್ ಇನ್ನೂ ಚೆನ್ನಾಗಿ ತಾನಾಗಿ ಓಡಿತು. ಚಕ್ರವನ್ನು ನಾಲ್ಕು ಅಂಗುಲ ಮುಂದಕ್ಕೆ ಚಾಚಿ ಬಾಲವನ್ನು ಮುಂದಕ್ಕೆ ತಂದಾಗ ಮಾತ್ರ ಅದನ್ನು ಹತ್ತುವುದೇ ಕಷ್ಟವಾಯಿತು.

ಕಾರಿನಲ್ಲೂ ಚಕ್ರ ಹೊರಳುವ ಅಕ್ಷವನ್ನು ಕೆಲವು ಡಿಗ್ರಿ ಹಿಂದಕ್ಕೆ ಒರಗಿಸಿರುತ್ತಾರೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದು ಬಹುಪಾಲು ಇದರಿಂದಲೇ. ಕ್ಯಾಸ್ಟರ್ ಕಡಿಮೆಯಾದರೆ ಸ್ಟಿಯರಿಂಗ್ ಹಗುರ. ಆದರೆ ಹೆದ್ದಾರಿಯಲ್ಲಿ ಕಾರು ಹಗ್ಗ ಬಿಟ್ಟ ಕರುವಿನಂತೆ ಅಲೆಯುತ್ತದೆ. ಹೆಚ್ಚಾದರೆ ನೇರ ಓಟ ಭದ್ರ, ತಿರುಗಿಸುವಾಗ ಭುಜ ನೋವು. ಪವರ್ ಸ್ಟಿಯರಿಂಗ್ ಬಂದ ಮೇಲೆ ಭುಜದ ಚಿಂತೆ ಕಡಿಮೆಯಾಗಿ ಹೆಚ್ಚು ಕ್ಯಾಸ್ಟರ್ ಕೊಡುವುದು ಸುಲಭವಾಯಿತು. ಎಡಬಲಗಳಲ್ಲಿ ಕ್ಯಾಸ್ಟರ್ ಬೇರೆಬೇರೆಯಾದರೆ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ. ಕಲ್ಲಿಗೋ ಗುಂಡಿಗೋ ಬಡಿದು ಚಕ್ರ ಹಿಂದಕ್ಕೆ ಸರಿದ ಕಾರುಗಳಲ್ಲಿ ಕಾಣುವ ದೋಷ ಇದು.

ಇಷ್ಟಾದರೂ ಎಡಕ್ಕೆ ಸರಿಯುವ ಕಾರುಗಳೆಲ್ಲ ಕೆಟ್ಟವಲ್ಲ. ಮಳೆನೀರು ಹರಿದುಹೋಗಲಿ ಎಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆ ಹೋಗುವವರು. ಹಾಗಾಗಿ ಕಾರು ನಿಧಾನವಾಗಿ ಎಡಕ್ಕೆ ಜಾರುವುದು ಸ್ವಾಭಾವಿಕ. ಖಾಲಿ ರಸ್ತೆಯಲ್ಲಿ ನಡುಭಾಗದಲ್ಲಿ ಹೋದಾಗಲೂ ಎಡಕ್ಕೆಳೆದರೆ ಮಾತ್ರ ಅನುಮಾನಪಡಿ. ಆಗಲೂ ಮೊದಲು ನೋಡಬೇಕಾದದ್ದು ಗಾಳಿ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಕಾರು ಆ ಕಡೆಗೇ ಎಳೆಯುತ್ತದೆ. ಗಾಳಿ ಸರಿಯಿದ್ದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ ನೋಡಿ; ಎಳೆತವೂ ಬಲಕ್ಕೆ ಹೊರಳಿದರೆ ದೋಷ ಟೈರಿನದು, ಚಕ್ರದ ಕೋನದ್ದಲ್ಲ. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಹಾಗೆ ಬದಲಿಸಬಾರದು.

ಶಿಷ್ಯ ನನಗೆ ಕಲಿಸಿದ ಅಂಗೈಯ ಪರೀಕ್ಷೆ ಇಷ್ಟು. ಕಾರು ನಿಲ್ಲಿಸಿ, ಟೈರಿನ ನಡುಭಾಗದ ಮೇಲೆ ಅಂಗೈಯನ್ನು ಅಡ್ಡಡ್ಡ ಆಡಿಸಿ. ತಂತಿ ಎದ್ದಿರುವ ಕಡೆ ಕೈ ಹಾಕಬೇಡಿ, ಕೊಯ್ಯುತ್ತದೆ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದಂತೆ ತರಚಿದರೆ ಟೋ ತಪ್ಪಿದೆ. ಹೊರಗಿನಿಂದ ಒಳಕ್ಕೆ ಎಳೆದಾಗ ತರಚಿದರೆ ಟೋ ಔಟ್, ಒಳಗಿನಿಂದ ಹೊರಕ್ಕೆ ಎಳೆದಾಗ ತರಚಿದರೆ ಟೋ ಇನ್. ತರಚದೆ ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಕ್ಯಾಂಬರ್ ನೋಡಿಸಬೇಕು. ಟ್ರೆಡ್ಡಿನ ತೋಡುಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬಗಳಿರುತ್ತವೆ; ರಬ್ಬರು ಅದರ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ. ನಾವೆಲ್ಲ ನೋಡುವುದು ಹೊರಗಿನ ತೋಡನ್ನು. ಒಳಗಿನದನ್ನು ಸ್ಟಿಯರಿಂಗ್ ತಿರುಗಿಸಿಯೇ ನೋಡಬೇಕು.

ಅಂಗಡಿಗೆ ಹೋದಾಗ ನಾಲ್ಕೂ ಚಕ್ರಗಳನ್ನು ಅಳೆಯಲು ಹೇಳಿ. ಹಿಂಚಕ್ರಗಳೆರಡೂ ಒಂದೇ ಕಡೆಗೆ ಮುಖ ಮಾಡಿದ್ದರೆ ಕಾರು ಏಡಿಯಂತೆ ಓರೆಯಾಗಿ ನಡೆಯುತ್ತದೆ, ಮುಂದೆ ಎಷ್ಟು ಸರಿಮಾಡಿದರೂ ಸ್ಟಿಯರಿಂಗ್ ಸೊಟ್ಟಗೇ ನಿಲ್ಲುತ್ತದೆ. ಟೈ ರಾಡ್, ಬಾಲ್ ಜಾಯಿಂಟ್, ಬುಷ್ಷುಗಳಲ್ಲಿ ಸಡಿಲವಿದೆಯೇ ಎಂದು ಮೊದಲು ಅಲುಗಾಡಿಸಿ ನೋಡದೆ ನೇರವಾಗಿ ಕಂಪ್ಯೂಟರಿಗೆ ಕೈಹಾಕುವವನಿಗೆ ನಮಸ್ಕಾರ ಹೇಳಿ ಹೊರಡಿ. ಹೊಸ ಕಾರುಗಳಲ್ಲಿ ಜಾರಿಕೆ ತಡೆಯುವ ವ್ಯವಸ್ಥೆ ಇದ್ದರೆ, ಸ್ಟಿಯರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸೆನ್ಸರಿಗೆ ಹೊಸ ಸೊನ್ನೆಯನ್ನು ತಿಳಿಸಬೇಕಾಗುತ್ತದೆ. ಅದನ್ನೂ ಕೇಳಿ.

ನನ್ನ ಕಾರಿಗೆ ಟೈ ರಾಡ್ ಬದಲಾಯಿಸಿ, ಎರಡು ಹೊಸ ಟೈರು ಹಾಕಿ, ಸ್ಟಿಯರಿಂಗನ್ನು ನೆಟ್ಟಗೆ ಬಿಗಿದು ಕಟ್ಟಿ, ಶಿಷ್ಯ ಒಂದು ಗಂಟೆ ಕೆಲಸ ಮಾಡಿದ. ಚೀಟಿ ಹೊರಬಂದಾಗ ನನ್ನ ಕೈಗಿತ್ತು, ‘ಓದಿ ಸಾರ್’ ಎಂದ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಬಿಫೋರ್: ಟೋ ಔಟ್ 7 ಮಿ.ಮೀ. ಆಫ್ಟರ್: ಸೊನ್ನೆ. ಅಂಗಡಿಯ ಹುಡುಗರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಹಳೆಯ ಚೀಟಿಯನ್ನು ನಾನು ಎಸೆದಿಲ್ಲ. ಹತ್ತನೆಯ ತರಗತಿಗೆ ಅಳತೆ ತೆಗೆಯುವ ಪ್ರಯೋಗ ಮಾಡಿಸುವ ದಿನ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ.